ಸಹಾಯ ಬೇಕು: ಅಥೆಂಟಿಕೇಟರ್ ಆ್ಯಪ್ ಹೊಸ ಫೋನಿಗೆ ಹಾಕುವುದು ಹೇಗೆ?

ನಮಸ್ಕಾರ. ಸದ್ಯದಲ್ಲೇ ಫೋನ್ ಬದಲಾಯಿಸುತ್ತಿದ್ದೇನೆ. ಇಮೇಲ್ ಸೇರಿ ಮುಖ್ಯ ಖಾತೆಗಳಿಗೆಲ್ಲ ಎರಡು ಹಂತದ ಭದ್ರತೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್) ಇದೆ. ಎಸ್ಸೆಮ್ಮೆಸ್ ಓಟಿಪಿ ಅಲ್ಲ, ಅಥೆಂಟಿಕೇಟರ್ ಆ್ಯಪ್. ಯಾರಾದರೂ ಮೋಸದಿಂದ ನಮ್ಮ ನಂಬರಿನ ಸಿಮ್ ತೆಗೆಸಿಕೊಂಡರೆ ಓಟಿಪಿ ಅವರಿಗೇ ಹೋಗುತ್ತದೆ ಅಲ್ವಾ, ಅದಕ್ಕೆ. ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಕೋಡ್ ನೆಟ್ ಇಲ್ಲದಿದ್ದರೂ ಬರುತ್ತದೆ. ಆದರೆ ಅದನ್ನು ಹುಟ್ಟಿಸುವ ಗುಟ್ಟಿನ ಕೀ ಇರುವುದು ಹಳೆ ಫೋನಿನಲ್ಲಿ. ಸುಮ್ನೆ ಸಿಮ್ ಬದಲಾಯಿಸಿದರೆ ಅದು ಜೊತೆಗೆ ಬರುವುದಿಲ್ಲ.

ಕ್ಯೂಆರ್ ಕೋಡ್‌ನಿಂದ ಎಲ್ಲವನ್ನೂ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಿದರೆ ಸಾಕಾ? ಅಥವಾ ಒಂದೊಂದು ಖಾತೆಗೂ ಹೊಸದಾಗಿ ಸೆಟಪ್ ಮಾಡಬೇಕಾ? ಕ್ಲೌಡ್ ಬ್ಯಾಕಪ್ ಮೇಲೆ ನನಗೆ ಜಾಸ್ತಿ ನಂಬಿಕೆ ಇಲ್ಲ. ಬ್ಯಾಕಪ್ ಕೋಡ್‌ಗಳನ್ನು (ಆ್ಯಪ್ ಕೈಗೆ ಸಿಗದಾಗ ಲಾಗಿನ್ ಆಗಲು ಮೊದಲೇ ಪಡೆದಿಡುವ ಕೋಡ್‌ಗಳು) ಕಾಗದದಲ್ಲಿ ಬರೆದಿಟ್ಟಿದ್ದೇನೆ. ಹಳೆ ಫೋನ್ ರೀಸೆಟ್ ಮಾಡುವ ಮೊದಲು ಇನ್ನೇನು ನೋಡಬೇಕು? ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ. ‘ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕು’ ಅನ್ನುವ ಸಲಹೆ ಮಾತ್ರ ಬೇಡ.