ಮಲೆನಾಡಿನ ಮಳೆಯಲ್ಲಿ ಚರ್ಮದ ರಟ್ಟಿನ ಪುಸ್ತಕಗಳು

ಪ್ರಶ್ನೆ (ಮೂಡಿಗೆರೆ):
ಯುರೋಪಿನ ಆಧುನಿಕ ಕಾದಂಬರಿಗಳ ಚಿತ್ರಸಹಿತ ಆವೃತ್ತಿಗಳೆಂದರೆ ನನಗೆ ಪ್ರಾಣ. ಆದರೆ ಆಷಾಢ ಹಿಡಿಯಿತೆಂದರೆ ಎದೆ ನಡುಗುತ್ತದೆ. ಈ ವರ್ಷ ಒಂದು ಪುಸ್ತಕದ ಆಡಿನ ಚರ್ಮದ ಬೆನ್ನಿನಲ್ಲಿ, ಚಿನ್ನದ ಅಕ್ಷರಗಳ ಸುತ್ತ ಬಿಳಿ ಬೂಷ್ಟು ಹಬ್ಬಿದೆ. ಹೇಗೆ ತೆಗೆಯಲಿ? ಇನ್ನೊಂದು ವಿಷಯ: ಫ್ರೆಂಚ್ ಕಲಾವಿದ ಮತೀಸ್ ಚಿತ್ರಗಳಿರುವ, ಜೇಮ್ಸ್ ಜಾಯ್ಸ್ ಕಾದಂಬರಿ ‘ಯುಲಿಸಿಸ್’ ಕೊಳ್ಳುವ ಆಸೆಯಿದೆ. ಏನನ್ನು ಗಮನಿಸಬೇಕು?

ಉತ್ತರ (ಹಾಸನ):
ಅದು ನ್ಯೂಯಾರ್ಕಿನ ಲಿಮಿಟೆಡ್ ಎಡಿಷನ್ಸ್ ಕ್ಲಬ್ 1935ರಲ್ಲಿ ತಂದ ಆವೃತ್ತಿ. 1,500 ಪ್ರತಿಗಳು, ಮತೀಸ್ ಸಹಿ ಎಲ್ಲದರಲ್ಲೂ ಇರಬೇಕು, ಜಾಯ್ಸ್ ಸಹಿ ಮಾತ್ರ ಸುಮಾರು 250ರಲ್ಲಿ. ಬೆಲೆಯ ಅಜಗಜಾಂತರ ಅಲ್ಲಿಯೇ. 6 ಎಚಿಂಗ್‌ಗಳೂ (ಲೋಹದ ತಗಡಿನಿಂದ ಅಚ್ಚೊತ್ತಿದ ಚಿತ್ರಗಳು) ಇವೆಯೇ ಎಂದು ಎಣಿಸಿ. ಚೌಕಟ್ಟು ಹಾಕಿಸಲು ಹಾಳೆ ಕತ್ತರಿಸುವವರಿದ್ದಾರೆ. ಚಿತ್ರಗಳಲ್ಲಿ ಕಾದಂಬರಿ ನಡೆಯುವ ಡಬ್ಲಿನ್ ನಗರ ಸಿಗುವುದಿಲ್ಲ, ಮತೀಸ್ ಅದಕ್ಕೆ ಆಧಾರವಾದ ಹೋಮರನ ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ಯನ್ನು ಹಿಡಿದು ಬರೆದಿದ್ದಾರೆ. ಹಲವರಿಗೆ ಇದು ಕೊರತೆ. ನನಗೆ ಅದೇ ಅದರ ಸೊಗಸು: ಕಥೆಯನ್ನು ಮತ್ತೆ ಹೇಳದೆ ಅದರ ಬೇರನ್ನು ತೋರಿಸುತ್ತವೆ.

ಉತ್ತರ (ಸಕಲೇಶಪುರ):
ಒದ್ದೆ ಬಟ್ಟೆ ಮುಟ್ಟಿಸಬೇಡಿ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಮೊದಲು ಆ ಪುಸ್ತಕವನ್ನು ಬೇರೆ ಇಡಿ. ಗಾಳಿಯಾಡುವ ನೆರಳಿನಲ್ಲಿ ಚೆನ್ನಾಗಿ ಒಣಗಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಮೃದುವಾದ ಕುಂಚದಿಂದ ಬೆನ್ನಿನ ಉದ್ದಕ್ಕೆ ಹಗುರವಾಗಿ ಒರೆಸಿ. ಕಪಾಟು ಹೊರಗೋಡೆಗೆ ತಾಗಿದ್ದರೆ ಈಚೆ ಸರಿಸಿ. ತೇವಾಂಶ ಅಳೆಯುವ ಮೀಟರ್ ಇಟ್ಟು, ಶೇ. 60ರ ಒಳಗಿರುವಂತೆ ನೋಡಿಕೊಳ್ಳಿ. ನಮ್ಮ ಕಡೆ ಜುಲೈನಲ್ಲಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಲ್ಲದೆ ಅದು ಕಷ್ಟ.

ಪ್ರಶ್ನೆ ಕೇಳಿದವರು:
ಕಪಾಟು ಪಡುವಣ ಗೋಡೆಗೇ ಅಂಟಿಕೊಂಡಿದೆ. ಇಂದೇ ಸರಿಸುತ್ತೇನೆ.