ಅಪ್‌ಡೇಟ್: ಅನ್ನಪೂರ್ಣ ಸರ್ಕ್ಯೂಟ್‌ಗೆ ಹೋದ ತಂಗಿ ಮಾತಿಗೆ ಸಿಕ್ಕಳು

ನೇಪಾಳದಲ್ಲಿ ಟ್ರೆಕ್ ಹೊರಟ ತಂಗಿಯ ಜೊತೆ ಸಂಪರ್ಕದಲ್ಲಿರುವುದು ಹೇಗೆ ಎಂದು ಕೇಳಿದ್ದೆನಲ್ಲ, ಒಳ್ಳೆ ಸುದ್ದಿ ಇದೆ.

ಲೈವ್ ಲೊಕೇಶನ್ ಉಪಯೋಗಕ್ಕೆ ಬರಲಿಲ್ಲ. ನೆಟ್‌ವರ್ಕ್ ಹೋದರೆ ಅದೂ ನಿಲ್ಲುತ್ತದೆ. ಮೊಬೈಲ್ ನೆಟ್‌ವರ್ಕ್ ಇಲ್ಲದೆ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ಕೊಡಿಸೋಣ ಅಂದುಕೊಂಡರೆ, ಅನುಮತಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧವಂತೆ! ಇದು ನಿಜಕ್ಕೂ ಗೊತ್ತಿರಲಿಲ್ಲ.

ಕೈಹಿಡಿದದ್ದು ಸ್ಥಳೀಯ ಸಿಮ್ ಮತ್ತು ‘ರಾತ್ರಿ ಒಂದೇ ಸಾಲು’ ಸಲಹೆ: ಇವತ್ತು ಎಲ್ಲಿದ್ದೇನೆ, ನಾಳೆ ಎಲ್ಲಿಗೆ. ಟೀಹೌಸ್ (ದಾರಿಯಲ್ಲಿ ಟ್ರೆಕ್ಕರ್‌ಗಳು ಉಳಿಯುವ ವಸತಿಗೃಹ) ವೈಫೈ ನಿಧಾನ, ಆದರೂ ಅಷ್ಟು ಮೆಸೇಜ್ ಹೋಗುತ್ತದೆ. 5,416 ಮೀಟರ್ ಎತ್ತರದ ಥೊರೊಂಗ್ ಲಾ ಎಂಬ ಪರ್ವತ ಪಾಸ್ ದಾಟುವ ದಿನ ಸುದ್ದಿ ಬರದಿರಬಹುದು ಎಂದು ಮೊದಲೇ ಹೇಳಿದ್ದಳು. ಅದಕ್ಕೇ ಅಮ್ಮನಿಗೆ ಗಾಬರಿ ಜಾಸ್ತಿ ಆಗಲಿಲ್ಲ. ಮುಕ್ತಿನಾಥ ತಲುಪಿ ವಿಡಿಯೋ ಕಾಲ್ ಮಾಡಿದಳು, ಅಮ್ಮನಿಗೆ ದೇವರ ದರ್ಶನವೂ ಆಯಿತು. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.