ಪದಚರ್ಚೆ: ಒಳಗೆ ನಿಂತು ಜೇನು ಸಾಕೋ ಮನೆಗೆ ಏನಂತೀರಿ? ಜೇನುಮನೆ, ಜೇನುಹಟ್ಟಿ, ಜೇನುಕೊಟ್ಟಿಗೆ?

ಎಲ್ರಿಗೂ ನಮಸ್ಕಾರ. ಯುರೋಪಿನ ಸ್ಲೊವೇನಿಯಾದ ಜೇನು ಸಾಕಣೆ ಬಗ್ಗೆ ನಮ್ಮ ಕಡೆಯ ಜೇನು ಸಾಕೋರಿಗೆ ಅಂತ ಒಂದು ಉದ್ದದ ಲೇಖನ ಬರೀತಾ ಇದೀನಿ, ಬರವಣಿಗೆ ಏನೋ ಸಾಗ್ತಿದೆ ಆದ್ರೆ ಪದಗಳ ಹತ್ರ ಬಂದು ಗಾಡಿ ನಿಂತುಬಿಟ್ಟಿದೆ. ಅಲ್ಲಿ ಚೆಬೆಲ್ನ್ಯಾಕ್ ಅಂತ ಒಂದಿದೆ. ಚೆಬೆಲಾ ಅಂದ್ರೆ ಜೇನುನೊಣ. ಚೆಬೆಲ್ನ್ಯಾಕ್ ಅಂದ್ರೆ ಮರದ ಒಂದು ಸಣ್ಣ ಮನೆ, ಮಾಡು, ಗೋಡೆ, ಬಾಗಿಲು ಎಲ್ಲ ಇರುತ್ತೆ, ಅದರ ಒಂದು ಪಕ್ಕದ ಗೋಡೆ ಇರಬೇಕಾದ ಕಡೆ ಗೋಡೆ ಬದಲು ಜೇನುಪೆಟ್ಟಿಗೆಗಳನ್ನೇ ಒಂದರ ಮೇಲೊಂದು ಒಂದರ ಪಕ್ಕ ಒಂದು ಸಂದಿಲ್ಲದ ಹಾಗೆ ಜೋಡಿಸಿರ್ತಾರೆ. ನೊಣಗಳು ಹೊರಗಡೆಯಿಂದ ಬಂದು ಹೋಗ್ತವೆ, ಸಾಕೋನು ಒಳಗಡೆ ನಿಂತು ಪೆಟ್ಟಿಗೆಯ ಬೆನ್ನಿನ ಕಡೆಯಿಂದ ಕೆಲಸ ಮಾಡ್ತಾನೆ. ಮಳೆ ಬಂದ್ರೂ ಕೆಲಸ ನಿಲ್ಲಲ್ಲ. ಇದಕ್ಕೆ ಕನ್ನಡದಲ್ಲಿ ಒಂದು ಪದ ಬೇಕು.

ಮೊದಲು ಎಲ್ರೂ ಹೇಳೋದು ಜೇನುಮನೆ. ಕೇಳೋಕೆ ಚೆನ್ನಾಗಿದೆ, ಆದ್ರೆ ತೊಂದರೆ ಏನಂದ್ರೆ ಜೇನುಮನೆ ಅಂದ ತಕ್ಷಣ ಓದೋರ ತಲೇಲಿ ಬರೋದು ಗೂಡೇ, ಜೇನಿನ ಮನೆ ಅಂದ್ರೆ ಜೇನು ವಾಸ ಮಾಡೋ ಜಾಗ ಅಂತ ಮಕ್ಕಳಿಗೆ ಹೇಳ್ಕೊಡ್ತೀವಲ್ಲ ಅದು. ಮನುಷ್ಯ ಒಳಗೆ ಹೋಗಿ ನಿಲ್ಲೋ ಜಾಗ ಅಂತ ಯಾರಿಗೂ ಹೊಳೆಯಲ್ಲ. ಎರಡನೇದು ಜೇನುಹಟ್ಟಿ. ಇದನ್ನ ದಕ್ಷಿಣ ಕನ್ನಡದ ಸ್ನೇಹಿತರೊಬ್ಬರು ಸೂಚಿಸಿದ್ರು, ಅವರಿಗೆ ಹಟ್ಟಿ ಅಂದ್ರೆ ದನ ಕಟ್ಟೋ ಜಾಗ, ಸರಿಯಾಗೇ ಇದೆ. ಆದ್ರೆ ಚಿತ್ರದುರ್ಗದ ಕಡೆಯೋರಿಗೆ ಹಟ್ಟಿ ಅಂದ್ರೆ ಊರು, ಗೊಲ್ಲರಹಟ್ಟಿ ಅಂತೀವಲ್ಲ ಹಾಗೆ, ಅವರು ಜೇನುಹಟ್ಟಿ ಅಂದ್ರೆ ಜೇನು ಸಾಕೋರ ಹಳ್ಳಿ ಅಂದ್ಕೊಳ್ಳೋ ಸಾಧ್ಯತೆ ಇದೆ. ಸಾಲದ್ದಕ್ಕೆ ಜೇನುಹುಟ್ಟಿ ಅನ್ನೋ ಪದ ಬೇರೆ ಮೊದಲೇ ಇದೆ, ಗೂಡಿಗೆ. ಹುಟ್ಟಿ ಹಟ್ಟಿ ಎರಡನ್ನೂ ಒಂದೇ ಪ್ಯಾರಾದಲ್ಲಿ ಬರೆದ್ರೆ ಪ್ರೂಫ್ ನೋಡೋರ ಗತಿ ಏನು.

ನನ್ನ ಮನಸ್ಸು ಇರೋದು ಜೇನುಕೊಟ್ಟಿಗೆ ಕಡೆ. ಕಾರಣ ಆಮೇಲೆ ಹೇಳ್ತೀನಿ, ಅದಕ್ಕಿಂತ ಮುಂಚೆ ಒಳಗಿರೋ ಪೆಟ್ಟಿಗೆ ಬಗ್ಗೆ ಹೇಳಬೇಕು, ಯಾಕಂದ್ರೆ ನಿಜವಾದ ಸಮಸ್ಯೆ ಅಲ್ಲೇ ಇರೋದು, ಮನೆ ಹೆಸರು ಹೇಗಾದ್ರೂ ಸರಿಹೋಗುತ್ತೆ.

ಆ ಪೆಟ್ಟಿಗೆ ಹೆಸರು ಆ-ಝೆ. ಎರಡು ಹೆಸರುಗಳ ಮೊದಲ ಅಕ್ಷರ ಅಷ್ಟೇ. ಜರ್ಮನಿಯ ಆಲ್ಬರ್ಟಿ ಅನ್ನೋರು ಹಿಂದುಗಡೆಯಿಂದ ತೆಗೆಯೋ ಥರದ ಒಂದು ಪೆಟ್ಟಿಗೆ ಮಾಡಿದ್ರು, ಅದನ್ನ ಇಲಿರ್ಸ್ಕಾ ಬಿಸ್ತ್ರಿತ್ಸಾ ಊರಿನ ಆಂತೊನ್ ಝ್ನಿದೆರ್ಶಿಚ್ ಅನ್ನೋ ವ್ಯಾಪಾರಿ 1910ರ ಹೊತ್ತಿಗೆ ತಮ್ಮ ನಾಡಿನ ಹವೆಗೆ, ತಮ್ಮ ಜೇನಿಗೆ ತಕ್ಕಂಗೆ ತಿದ್ದಿದ್ರು. ಈಗ್ಲೂ ಸ್ಲೊವೇನಿಯಾದಲ್ಲಿ ಹೆಚ್ಚಾಗಿ ಕಾಣೋದು ಇದೇ. ನಮ್ಮಲ್ಲಿ ಬಳಸೋ ನ್ಯೂಟನ್ ಜೇನುಪೆಟ್ಟಿಗೆ ಆಗ್ಲಿ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ ಆಗ್ಲಿ ಮುಚ್ಚಳ ಇರೋದು ಮೇಲೆ, ನೊಣ ಮೇಣದ ಎರಿ ಕಟ್ಟೋ ಚೌಕಟ್ಟು ಎತ್ತೋದು ಮೇಲಕ್ಕೆ. ಆ-ಝೆ ಪೆಟ್ಟಿಗೆಗೆ ಮೇಲೆ ಮುಚ್ಚಳವೇ ಇಲ್ಲ, ಇರೋಕೂ ಆಗಲ್ಲ, ಅದರ ತಲೆ ಮೇಲೆ ಇನ್ನೊಂದು ಪೆಟ್ಟಿಗೆ ಕೂತಿರುತ್ತೆ. ಹಿಂದುಗಡೆ ಬಾಗಿಲು ತೆಗೀಬೇಕು, ಬಾಗಿಲ ಒಳಗೆ ಜಾಲರಿ ಹಾಕಿದ ಇನ್ನೊಂದು ಕಿಟಕಿ ಇರುತ್ತೆ, ಅದನ್ನೂ ತೆಗೆದ್ರೆ ಚೌಕಟ್ಟುಗಳು ಕಬ್ಬಿಣದ ಸರಳುಗಳ ಮೇಲೆ ನಿಂತಿರ್ತವೆ, ಕಪಾಟಿಂದ ಪುಸ್ತಕ ಎಳೆದ ಹಾಗೆ ಒಂದೊಂದಾಗಿ ತಮ್ಮ ಕಡೆಗೆ ಎಳೀಬೇಕು. ನಡುವೆ ರಾಣಿ ಮೇಲೆ ಹೋಗದ ಹಾಗೆ ತಡೆಜಾಲರಿ, ಕೆಳಗೆ ಮರಿ ಬೆಳೆಯೋ ಸಂಸಾರಕೋಣೆ, ಮೇಲೆ ತುಪ್ಪ ತುಂಬೋ ಜೇನುಕೋಣೆ. ಎರಡೂ ಕೋಣೆಗೆ ಒಂದೇ ಅಳತೆ ಚೌಕಟ್ಟು, 41 ಸೆಂಟಿಮೀಟರ್ ಅಗಲ 26 ಎತ್ತರ, ಸಾಮಾನ್ಯವಾಗಿ ಕೋಣೆಗೆ ಹತ್ತು. ಒಂದೇ ಅಳತೆ ಆದ್ದರಿಂದ ಕೆಳಗಿನ ಮರಿ ಇರೋ ಎರಿಯನ್ನ ಮೇಲಕ್ಕೆ ಇಡೋದು, ಮೇಲಿನ ಖಾಲಿ ಎರಿಯನ್ನ ಕೆಳಗಿಡೋದು ಎಲ್ಲ ಸಲೀಸು. ಕುಟುಂಬ, ಅಂದ್ರೆ ಒಂದು ಪೆಟ್ಟಿಗೆಯ ನೊಣಗಳು, ಪಾಲಾಗಿ ಹಾರಿ ಹೋಗದ ಹಾಗೆ ನೋಡ್ಕೊಳ್ಳೋಕೆ ಅವರು ಮಾಡೋ ಮುಖ್ಯ ಕೆಲಸವೇ ಇದು. ನಮ್ಮಲ್ಲಿ ತುಡುವೆ (ನಮ್ಮ ನಾಡಿನ ಜೇನು) ಪೆಟ್ಟಿಗೆಯ ಮೇಲಿನ ಚೌಕಟ್ಟೇ ಬೇರೆ ಕೆಳಗಿನದೇ ಬೇರೆ, ಇದನ್ನ ಮಾಡೋಕೆ ಹೋದ್ರೆ ಕೂರಲ್ಲ.

ಈಗ ನೋಡಿ ಸಮಸ್ಯೆ. ನಮ್ಮ ಜೇನು ಸಾಕಣೆ ಮಾತೆಲ್ಲ ಮೇಲಿಂದ ತೆಗೆಯೋ ಪೆಟ್ಟಿಗೆ ಜೊತೆ ಬೆಳೆದದ್ದು. ಸೂಪರ್ (ತುಪ್ಪಕ್ಕೆ ಅಂತ ಮೇಲಿಡೋ ಪೆಟ್ಟಿಗೆ) ಏರಿಸಿದ್ಯಾ ಅಂತ ಕೇಳ್ತೀವಿ, ಸೂಪರ್ ಇಳಿಸಿದೆ ಅಂತೀವಿ, ಚೌಕಟ್ಟು ಎತ್ತಿ ನೋಡು ಅಂತೀವಿ. ಆ-ಝೆ ಪೆಟ್ಟಿಗೆಯಲ್ಲಿ ಏರಿಸೋದೂ ಇಲ್ಲ ಇಳಿಸೋದೂ ಇಲ್ಲ, ಮೇಲಿನ ಕೋಣೆ ಯಾವಾಗ್ಲೂ ಅಲ್ಲೇ ಇರುತ್ತೆ, ನೊಣಕ್ಕೆ ಬೇಕಾದಾಗ ದಾರಿ ಬಿಟ್ಟುಕೊಡೋದು ಅಷ್ಟೇ. ಅಂದ್ರೆ ಸೂಪರ್ ಏರಿಸು ಅನ್ನೋದನ್ನ ಮೇಲ್ಕೋಣೆ ಬಿಡು ಅನ್ನಬೇಕಾಗುತ್ತೆ. ಚೌಕಟ್ಟು ಎತ್ತು ಅನ್ನೋದು ಚೌಕಟ್ಟು ಎಳಿ ಆಗುತ್ತೆ, ಇಳಿಬಿಡು ಅನ್ನೋದು ತಳ್ಳು ಅಥವಾ ಸೇರಿಸು. ನಾನು ಲೇಖನದ ಮೊದಲ ಕರಡಲ್ಲಿ ನಾಮಪದ ಮಾತ್ರ ಬದಲಾಯಿಸಿ ಕ್ರಿಯಾಪದಗಳನ್ನ ಹಾಗೇ ಬಿಟ್ಟಿದ್ದೆ, ಶಿರಸಿ ಕಡೆಯ ಜೇನು ಸಾಕೋ ಒಬ್ರು ಓದಿ ಅಲ್ಲ ಮಾರಾಯ್ರೆ ಮೇಲೆ ಇನ್ನೊಂದು ಪೆಟ್ಟಿಗೆ ಇದೆ ಅಂತೀರಿ, ಚೌಕಟ್ಟು ಎತ್ತೋದು ಎಲ್ಲಿಗೆ ಅಂದ್ರು.

ಹಾಗಾಗಿ ಪೆಟ್ಟಿಗೆ ಅನ್ನೋ ಪದವನ್ನೇ ಬಿಟ್ಟು ಜೇನುಕಪಾಟು ಅನ್ನಬಹುದಾ? ಕಪಾಟು ಅಂದ ಕೂಡ್ಲೇ ಬಾಗಿಲು ಎದುರಿಗಿದೆ, ಒಳಗೆ ಸಾಲಾಗಿ ಏನೋ ಜೋಡಿಸಿದೆ, ಎಳೆದು ತೆಗೀಬೇಕು ಅನ್ನೋದು ಹೇಳದೇನೇ ಗೊತ್ತಾಗುತ್ತೆ. ಅಡ್ಡಿ ಅಂದ್ರೆ ಸರ್ಕಾರದ ತೋಟಗಾರಿಕೆ ಇಲಾಖೆಯಿಂದ ಹಿಡಿದು ಎಲ್ರೂ ಜೇನುಪೆಟ್ಟಿಗೆ ಅಂತಾನೇ ಹೇಳೋದು, ಹೊಸ ಪದ ಯಾರಿಗೂ ಬೇಡ ಅನ್ನಿಸಬಹುದು. ನನಗಂತೂ ಕಪಾಟು ಹಿಡಿಸಿದೆ.

ಇನ್ನೊಂದು ಗೋಜಲು ಬಾಗಿಲಿಂದು. ನಮ್ಮಲ್ಲಿ ಬಾಗಿಲು ಅಂದ್ರೆ ನೊಣ ಓಡಾಡೋ ಕಿಂಡಿ, ಬಾಗಿಲಲ್ಲಿ ನೊಣ ಜಾಸ್ತಿ ಆಡ್ತಿದೆ ಅಂತೀವಿ. ಇಲ್ಲಿ ನೊಣದ ಬಾಗಿಲು ಮುಂದೆ, ಮನುಷ್ಯನ ಬಾಗಿಲು ಹಿಂದೆ, ಜೊತೆಗೆ ಮನೆಯ ಬಾಗಿಲು ಬೇರೆ, ಮೂರು ಬಾಗಿಲಾಯ್ತು. ಅವರಿಗೆ ಈ ತಾಪತ್ರಯ ಇಲ್ಲ, ನೊಣದ ಕಿಂಡಿಗೆ ಝ್ರೆಲೊ ಅಂತಾರೆ, ಅಂದ್ರೆ ಗಂಟಲು. ಅದರ ಮುಂದೆ ನೊಣ ಬಂದಿಳಿಯೋ ಮಡಚು ಹಲಗೆಗೆ ಬ್ರಾದಾ, ಅಂದ್ರೆ ಗಡ್ಡ! ಗಂಟಲು ಗಡ್ಡ ಅಂತ ಬರೆದ್ರೆ ಓದೋರು ನಗ್ತಾರೆ, ನಾನು ಕಿಂಡಿ ಮತ್ತು ಇಳಿಹಲಗೆ ಅಂತ ಇಟ್ಟಿದೀನಿ. ಕಿಂಡಿ ನೊಣಕ್ಕೆ, ಬಾಗಿಲು ಮನುಷ್ಯನಿಗೆ ಅಂತ ಕೊನೇತನಕ ಪಾಲಿಸಿದ್ರೆ ಗೊಂದಲ ಇರಲ್ಲ.

ಅವರ ಬೇರೆ ಪದಗಳನ್ನ ನೋಡ್ತಾ ಹೋದ್ರೆ ನಮ್ಮ ಜೇನುಗಾರರ ಮಾತಿಗೆ ಎಷ್ಟು ಹತ್ರ ಅನ್ನಿಸುತ್ತೆ. ಪೆಟ್ಟಿಗೆಗೆ ಅವರು ಪಾನ್ಯ್ ಅಂತಾರೆ, ಅದೇ ಪದಕ್ಕೆ ಮರದ ಬೊಡ್ಡೆ ಅಂತಲೂ ಅರ್ಥ, ಅಂದ್ರೆ ಪೊಳ್ಳು ಮರದ ತುಂಡಲ್ಲಿ ಜೇನು ಕೂರಿಸ್ತಿದ್ದ ಕಾಲದ ಪದ. ಒಂದು ಪೆಟ್ಟಿಗೆಯ ನೊಣಗಳೆಲ್ಲ ಸೇರಿ ದ್ರುಝಿನಾ, ಮನೆಮಂದಿ, ನಾವು ಕುಟುಂಬ ಅಂತೀವಲ್ಲ ಅದೇ. ಜೇನುತುಪ್ಪಕ್ಕೆ ಮೆದ್, ಇದು ನಮ್ಮ ಮಧು ಜೊತೆ ಒಂದೇ ಬೇರಿಂದ ಬಂದದ್ದು, ಭಾಷಾಶಾಸ್ತ್ರ ಗೊತ್ತಿರೋರಿಗೆ ಹೊಸದಲ್ಲ. ರಾಣಿಗೆ ಮಾತ್ರ ಅವರು ರಾಣಿ ಅನ್ನಲ್ಲ, ಮಾತಿತ್ಸಾ ಅಂತಾರೆ, ತಾಯಿ ಅನ್ನೋ ಪದದಿಂದ ಹುಟ್ಟಿದ್ದು. ತಾಯಿಜೇನು ಅಂತ ಬರೀಲಾ ಅಂತ ಯೋಚಿಸಿದೆ, ಬೇಡ, ರಾಣಿ ನಮ್ಮಲ್ಲಿ ನೆಲೆ ನಿಂತಿದೆ, ಅಲ್ಲಾಡಿಸೋದು ಯಾಕೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮೆಲ್ಲರ ಸಹಾಯ ನಿಜವಾಗ್ಲೂ ಬೇಕು. ಸ್ಲೊವೇನಿಯನ್ ಭಾಷೇಲಿ ಪ್ರಾಣಿ ಸತ್ರೆ ಒಂದು ಕ್ರಿಯಾಪದ, ಪೊಗಿನಿತಿ, ಮನುಷ್ಯ ಸತ್ರೆ ಇನ್ನೊಂದು, ಉಮ್ರೇತಿ. ಜೇನುನೊಣ ಸತ್ರೆ ಮನುಷ್ಯರಿಗೆ ಬಳಸೋದನ್ನೇ ಬಳಸ್ತಾರೆ. ಕನ್ನಡದಲ್ಲಿ ಸತ್ತೋಯ್ತು, ತೀರ್ಕೊಂಡ್ರು ಅನ್ನೋ ವ್ಯತ್ಯಾಸ ನಮಗೂ ಇದೆ, ಆದ್ರೆ ನೊಣ ತೀರ್ಕೊಂಡ್ತು ಅಂತ ಬರೆದ್ರೆ ಅಣಕ ಮಾಡಿದ ಹಾಗಾಗುತ್ತೆ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಸಾಲುಸಾಲಾಗಿ ನಾಶ ಆದ್ವಲ್ಲ, ಆ ಕಾಲ ಕಂಡ ಹಿರಿಯರು ಮಾತಾಡೋವಾಗ ಕುಟುಂಬ ಹೋಯ್ತು ಅಂತಾರೆ, ಸತ್ತೋಯ್ತು ಅನ್ನೋದನ್ನ ಕೇಳಿದ್ದು ಕಮ್ಮಿ. ಕೊಡಗು, ಸುಳ್ಯ, ಪುತ್ತೂರು, ಸಿದ್ದಾಪುರ ಕಡೆಯೋರು ಯಾರಾದ್ರೂ ಇದ್ರೆ ಹೇಳಿ, ನಿಮ್ಮ ಮನೆಗಳಲ್ಲಿ ಏನಂತಾರೆ? ಹೋಯ್ತು ಅಂತಾನಾ, ಅಳೀತು ಅಂತಾನಾ, ಬೇರೆ ಏನಾದ್ರೂ ಇದ್ಯಾ?

ಕೊಟ್ಟಿಗೆ ಯಾಕೆ ಅಂದ್ನಲ್ಲ. ಹೂವಿನ ರಸ, ಪರಾಗ ಸಿಗೋದಕ್ಕೆ ಅವರು ಪಾಶಾ ಅಂತಾರೆ, ಅಂದ್ರೆ ಮೇವು, ದನ ಮೇಯೋದು ಅಂತಾರಲ್ಲ ಅದೇ ಪದ. ನಮ್ಮಲ್ಲೂ ಜೇನಿಗೆ ಮೇವು ಇಲ್ಲ ಈ ಸಲ, ರಬ್ಬರ್ ತೋಟದಲ್ಲಿ ಮೇವು ಚೆನ್ನಾಗಿದೆ ಅಂತಾನೇ ಹೇಳೋದು. ಜೇನು ಸಾಕೋದು ಅಂತೀವಿ, ದನ ಸಾಕೋದು ಅಂತೀವಿ. ಮೇವು, ಸಾಕೋದು ಎರಡೂ ದನದ ಜೊತೆಗಿನ ಮಾತೇ ಆದ್ಮೇಲೆ ಮೂರನೇದು ಕೊಟ್ಟಿಗೆ ಬಂದ್ರೆ ಯಾರಿಗೂ ಅಪರಿಚಿತ ಅನ್ನಿಸಲ್ಲ. ಕೊಟ್ಟಿಗೆ ಅಂದ್ರೆ ಸಾಕೋನು ಒಳಗೆ ಹೋಗಿ ಕೆಲಸ ಮಾಡೋ ಜಾಗ, ಇದು ಮುಖ್ಯ, ಜೇನುಮನೆಯಲ್ಲಿ ಇಲ್ಲದ್ದು ಇದೇ. ಅಲ್ಲಿ ಲಾರಿ ಮೇಲೆ ಕಟ್ಟಿರೋ ಚೆಬೆಲ್ನ್ಯಾಕ್ ಕೂಡ ಇವೆ, ಅಕೇಶಿಯಾ (ನಮ್ಮ ಕಡೆಯ ಅಕೇಶಿಯಾ ಅಲ್ಲ, ರೊಬಿನಿಯಾ ಮರ), ಲಿಂಡನ್, ಚೆಸ್ಟ್‌ನಟ್ ಮರಗಳು ಎಲ್ಲಿ ಹೂ ಬಿಟ್ಟಿದ್ಯೋ ಅಲ್ಲಿಗೆ ಓಡಿಸ್ಕೊಂಡು ಹೋಗ್ತಾರೆ. ಅದಕ್ಕೆ ಗಾಡಿಕೊಟ್ಟಿಗೆ ಅಂದ್ರಾಯ್ತು.

ಕೊಟ್ಟಿಗೆ ಅಂದ್ರೆ ಸಗಣಿ ವಾಸನೆ ಬರುತ್ತೆ, ಅಷ್ಟು ಚಂದದ ಮನೆಗೆ ಆ ಪದಾನಾ ಅಂತ ಒಬ್ರು ಮುಖ ಸಿಂಡರಿಸಿದ್ರು. ಚಂದ ಅನ್ನೋದೇನೋ ನಿಜ. ಆ-ಝೆ ಬರೋಕೆ ಮುಂಚೆ ಕ್ರಾನ್ಯಿಚ್ ಅಂತ ತಗ್ಗಾದ ಉದ್ದನೆ ಪೆಟ್ಟಿಗೆ ಇತ್ತು, ಅದರ ಮುಂದಿನ ಹಲಗೆ ಮೇಲೆ ಚಿತ್ರ ಬರೀತಿದ್ರು, ಇಸವಿ ಹಾಕಿರೋದರಲ್ಲಿ ಹಳೇದು 1758ರದ್ದು. ಸಂತರ ಚಿತ್ರ ಇರುತ್ತೆ, ಬೇಟೆಗಾರನ ಹೆಣವನ್ನ ಕಾಡುಪ್ರಾಣಿಗಳು ಹೊತ್ಕೊಂಡು ಹೋಗೋದು ಇರುತ್ತೆ, ಗಯ್ಯಾಳಿ ಹೆಂಗಸಿನ ನಾಲಿಗೆಯನ್ನ ಸೈತಾನ ಸಾಣೆ ಹಿಡಿಯೋದೂ ಇರುತ್ತೆ, ಗಂಡಸರು ಬರೆದದ್ದು ಅಂತ ಬೇರೆ ಹೇಳಬೇಕಿಲ್ಲ. ರಾದೊವ್ಲಿತ್ಸಾ ಊರಲ್ಲಿ 1959ರಲ್ಲಿ ಶುರುವಾದ ಜೇನು ಮ್ಯೂಸಿಯಂ ಇದೆ, ಅಲ್ಲಿ ಇವನ್ನ ಇಟ್ಟಿದಾರೆ. ಚಿತ್ರಕ್ಕೆ ಉಪಯೋಗ ಏನು ಅಂದ್ರೆ ಯಾವ ಪೆಟ್ಟಿಗೆ ಯಾವುದು ಅಂತ ಸಾಕೋನಿಗೆ ಗುರುತು ಸಿಗುತ್ತೆ, ಅಷ್ಟು ಒತ್ತೊತ್ತಾಗಿ ಇಟ್ಟಿರೋ ಪೆಟ್ಟಿಗೆಗಳಲ್ಲಿ ನೊಣಕ್ಕೂ ತನ್ನ ಕಿಂಡಿ ತಪ್ಪಬಾರದಲ್ಲ, ಮುಖ್ಯವಾಗಿ ಕೂಡೋಕೆ ಹೊರಗೆ ಹೋದ ಹೊಸ ರಾಣಿ ಬೇರೆಯೋರ ಮನೆಗೆ ನುಗ್ಗಿದ್ರೆ ಕಥೆ ಮುಗೀತು. ಈಗ ಚಿತ್ರದ ಬದಲು ಹಳದಿ, ನೀಲಿ ಅಂತ ಬಣ್ಣ ಬಳೀತಾರೆ. ಕೆಂಪು ಬಳಿದ್ರೆ ನಮ್ಮ ಕಣ್ಣಿಗೆ ಮಾತ್ರ ಕೆಂಪು, ನೊಣಕ್ಕೆ ಆ ಬಣ್ಣ ಕಾಣಲ್ಲ. ಮೇ 20ಕ್ಕೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲೂ ವಿಶ್ವ ಜೇನು ದಿನ ಮಾಡ್ತಾರಲ್ಲ, ಅದು ಅದೇ ನಾಡಿನ ಜೇನುಗಾರ ಆಂತೊನ್ ಯಾನ್ಶಾ ಹುಟ್ಟಿದ ದಿನ ಅಂತ ಎಣಿಸೋದು, 1734. ಚಿತ್ರ ಕಲಿಯೋಕೆ ವಿಯೆನ್ನಾಕ್ಕೆ ಹೋಗಿ ಕೊನೆಗೆ 1770ರಲ್ಲಿ ಆಸ್ಟ್ರಿಯಾ ಆಳ್ತಿದ್ದ ಮಾರಿಯಾ ತೆರೇಸಾ ಕಾಲದ ಜೇನು ಶಾಲೆಗೆ ಮೇಷ್ಟ್ರಾದೋರು. ಇಷ್ಟೆಲ್ಲ ಇದ್ರೂ ಅಲ್ಲಿನ ಜೇನುಗಾರರಿಗೆ ಅದು ಕೆಲಸದ ಜಾಗ, ಪ್ರದರ್ಶನಕ್ಕಿಟ್ಟದ್ದಲ್ಲ, ಹಾಗಾಗಿ ಕೊಟ್ಟಿಗೆ ಅಂದ್ರೆ ಮರ್ಯಾದೆ ಕಮ್ಮಿ ಆಗುತ್ತೆ ಅನ್ನೋ ವಾದ ನಾನು ಒಪ್ಪಲ್ಲ.

ಹಿಮಾಚಲ, ಉತ್ತರಾಖಂಡದ ಕಡೆ ಹಳೇ ಮನೆಗಳ ಗೋಡೆಯಲ್ಲೇ ಗೂಡು ಬಿಟ್ಟು, ನೊಣ ಹೊರಗಿನ ಕಿಂಡಿಯಿಂದ ಬರೋ ಹಾಗೆ, ಮನೆಯೋರು ಒಳಗಿಂದ ಹಲಗೆ ತೆಗೆದು ಜೇನು ತೆಗೆಯೋ ಹಾಗೆ ಮಾಡಿರ್ತಾರೆ. ತತ್ವ ಹೆಚ್ಚುಕಮ್ಮಿ ಇದೇ. ಮಲೆನಾಡಲ್ಲಿ ಮಣ್ಣಿನ ಗೋಡೆಯ ಪೊಟರೆಯಲ್ಲಿ ತುಡುವೆ ತಾನಾಗೇ ಬಂದು ಕೂರೋದು ಇದೆ, ಆದ್ರೆ ಬೇಕು ಅಂತ ಗೋಡೆಯಲ್ಲಿ ಜಾಗ ಬಿಟ್ಟು ಸಾಕಿದ್ದಕ್ಕೆ ಕನ್ನಡದಲ್ಲಿ, ತುಳುವಲ್ಲಿ, ಕೊಡವ ತಕ್ಕಲ್ಲಿ, ಹವ್ಯಕದಲ್ಲಿ ಏನಾದ್ರೂ ಹೆಸರಿದ್ರೆ ದಯವಿಟ್ಟು ತಿಳಿಸಿ, ಹಾಗೊಂದು ಪದ ಸಿಕ್ರೆ ನನ್ನ ಕೊಟ್ಟಿಗೆ, ಕಪಾಟು ಎರಡನ್ನೂ ಬಿಟ್ಟು ಅದನ್ನೇ ತಗೋತೀನಿ. ಎಳಿ, ತಳ್ಳು ಬಗ್ಗೆನೂ ಹೇಳಿ. ಎಳಿ ಅಂದ್ರೆ ಜೋರಾಗಿ ಜಗ್ಗೋದು ಅನ್ನೋ ಭಾವ ಬರುತ್ತಾ? ನೊಣ ತಂದು ಮೆತ್ತಿದ ಮರದ ಅಂಟಿಂದ ಚೌಕಟ್ಟು ಸರಳಿಗೆ ಕಚ್ಕೊಂಡಿರುತ್ತೆ, ಮೊದಲು ಮೆಲ್ಲಗೆ ಮೀಟಿ ಬಿಡಿಸಿ ಆಮೇಲೆ ತಮ್ಮ ಕಡೆ ತಗೋಬೇಕು, ಅದಕ್ಕೆ ಸರಿಯಾಗಿ ಒಂದೇ ಕ್ರಿಯಾಪದ ಯಾರ ಹತ್ರ ಆದ್ರೂ ಇದ್ರೆ ಕೊಡಿ.